ಕಾಲು ತಾಗಿದರೆ

ಒದೆತ ಸರಿಯಾಗಿಯೇ ಬಿದ್ದಿತ್ತು. ಎದುರಾಳಿಯ ಹೆಲ್ಮೆಟ್ಟಿಗೆ ಕೃತಿಯ ಎಡಪಾದ ಚಟ್ಟೆಂದು ಬಡಿದು, ಗೋಡೆಯ ಬೋರ್ಡಿನಲ್ಲಿ ಮೂರು ಅಂಕ ಮಿನುಗಿದವು. ಆದರೆ ಆ ಕಾಲು ನೆಲ ಮುಟ್ಟುವ ಮೊದಲೇ ಅವಳ ಬಲಗೈ ಮುಂದಕ್ಕೆ ಚಾಚಿ, ಎದುರಾಳಿಯ ಭುಜ ಸವರಿ, ತನ್ನ ಕಣ್ಣಿನ ಕಡೆ ಹೊರಟಿತು. ಅಷ್ಟು ಸಾಕಾಯಿತು. ತೆರೆದುಬಿದ್ದ ಪಕ್ಕೆಗೊಂದು, ತಲೆಗೊಂದು ಒದೆತ ಬಿದ್ದು ಐದು ಅಂಕ ಆ ಕಡೆ ಹೋದವು. ಸಮಯ ಮುಗಿಯಿತು.

"ನಾ ಕಲಿಸಿದ್ದು ಇನ್ನೂ ಮರ್ತಿಲ್ಲ ನೋಡು ಹುಡುಗಿ," ಎಂದಳು ಗ್ಯಾಲರಿಯಲ್ಲಿ ಕೂತಿದ್ದ ಅಜ್ಜಿ ಸಿದ್ದವ್ವ, ಹೆಮ್ಮೆಯಿಂದ.

"ಅದಕ್ಕ ಸೋಲಾಕತ್ತಾಳವ್ವ," ಎಂದ ಮಗ ಜಗದೀಶ. ಬೆಳಿಗ್ಗೆ ಮನೆಯಿರುವ ಸೊಲಿಹಲ್‌ನಿಂದ ಮ್ಯಾಂಚೆಸ್ಟರಿಗೆ ಕಾರು ಓಡಿಸುವಾಗ ಅವನು ಎರಡು ಸಲ ತಪ್ಪು ತಿರುವು ತೆಗೆದುಕೊಂಡಿದ್ದ. ಇದು ಇಂಗ್ಲೆಂಡಿನಲ್ಲಿರುವ ಮಕ್ಕಳಿಗೆಂದು ನಡೆದ ವೇಲ್ಸ್ ದೇಶದ ಕಿರಿಯರ ಟೇಕ್ವಾಂಡೊ ತಂಡದ ಆಯ್ಕೆ. ಹೆಂಡತಿ ಸುಚೇತಾ ವೇಲ್ಸಿನ ರೆಕ್ಸಮ್ಮಿನಲ್ಲಿ ಡಾಕ್ಟರಾಗಿದ್ದಾಗ ಅಲ್ಲಿ ಹುಟ್ಟಿದ ಮಗಳು ಕೃತಿ, ಈಗ ಹದಿನಾಲ್ಕರವಳು. ಮೂರು ಪಂದ್ಯಗಳಲ್ಲಿ ಎರಡನ್ನು ಒಂದೇ ಬಗೆಯಲ್ಲಿ ಕಳೆದುಕೊಂಡಿದ್ದಳು.

ಆಯ್ಕೆಗಾರ್ತಿ ಮೆಗನ್ ಮೆಟ್ಟಿಲು ಹತ್ತಿ ಬಂದು ಇಂಗ್ಲಿಷಿನಲ್ಲಿ ಹೇಳಿದಳು: "ನಮ್ದು ಮೂವತ್ತು ಲಕ್ಷ ಜನರ ಪುಟ್ಟ ದೇಶ. ಅಲ್ಲಿ ಹುಟ್ಟಿದ ಮಕ್ಕಳು ಎಲ್ಲಿದ್ದಾರೋ ಹುಡುಕ್ಕೊಂಡು ಹೋಗ್ತೀವಿ. ಇಂಥ ಕಾಲು ನನಗೆ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಆದರೆ ಆ ಕೈ ಹೀಗೇ ಇಳೀತಾ ಇದ್ರೆ ಯಾರಾದರೂ ಅವಳ ಮೂಗು ಮುರೀತಾರೆ. ಕೊನೇ ಪಂದ್ಯದಲ್ಲೂ ಇಳಿದರೆ ನಾನು ತಗೊಳ್ಳಲ್ಲ. ಏನದು, ಪ್ರಾರ್ಥನೆಯಾ?"

"ಹ್ಯಾಬಿಟ್," ಎಂದ ಜಗದೀಶ. 

ಸೊಲಿಹಲ್‌ನ ಕನ್ನಡದವರ ಮನೆಗಳಲ್ಲಿ ಇದೇ ಕೈಗೆ ಮೆಚ್ಚುಗೆಯೋ ಮೆಚ್ಚುಗೆ. "ಎಂಥಾ ಸಂಸ್ಕಾರ ರೀ ನಿಮ್ಮ ಮಗಳದು! ಇಲ್ಲೇ ಹುಟ್ಟಿ ಬೆಳೆದವಳು ಅಂತ ಹೇಳಕ್ಕೇ ಆಗಲ್ಲ!" ಆಗೆಲ್ಲ ಅವನು ಸುಮ್ಮನೆ ನಗುತ್ತಿದ್ದ. ಅವರ ಮನೆಗಳಲ್ಲಿ ಅದು ಸಂಸ್ಕಾರವೇ ಇರಬಹುದು. ಅವನ ಮನೆಗೆ ಅದು ಬಂದ ದಾರಿ ಬೇರೆ. ಎಂಟು ವರ್ಷದವನಿದ್ದಾಗ ಕಬಡ್ಡಿ ಆಡುತ್ತ ಅವನ ಕಾಲು ಗೌಡರ ಮಗನ ಎದೆಗೆ ತಾಗಿತ್ತು. ಆ ಹುಡುಗನೇನೋ ನಗುತ್ತ ಎದ್ದಿದ್ದ; ನಗದೇ ಇದ್ದವರು ಕಟ್ಟೆಯ ಮೇಲೆ ಕೂತ ಹಿರಿಯರು. ಕೇರಿಯಿಂದ ಓಡಿ ಬಂದ ಅವ್ವ ಊರೆಲ್ಲ ನೋಡುತ್ತಿರಲು ಮಣ್ಣಿನಲ್ಲಿ ಉದ್ದಕ್ಕೆ ಬಿದ್ದು, ಆ ಪೋರನ ಪಾದಕ್ಕೆ ಹಣೆ ಹಚ್ಚಿದ್ದಳು. ಮನೆಗೆ ಬಂದ ಮೇಲೆ ಮಗನ ಕೈ ಹಿಡಿದು ರೂಢಿ ಮಾಡಿಸಿದಳು: "ಯಾರಿಗರೆ ಕಾಲು ತಾಗಿದ್ರ, ಅವರು ಬಾಯಿ ತಗಿಯೂದ್ರಾಗ ಮುಟ್ಟಿ ಕಣ್ಣಿಗೆ ಒತ್ಕೊಂಡ್ಬಿಡು." ಮುಂದೆ ಅದನ್ನೇ ಮೂರು ವರ್ಷದ ಮೊಮ್ಮಗಳಿಗೆ ಆಟವೆಂಬಂತೆ ಕಲಿಸಿದಳು. ಜಗದೀಶ ತಡೆಯಲಿಲ್ಲ.

ಕಾರಿಡಾರಿನ ಬೆಂಚಿನಲ್ಲಿ ಕೃತಿ ತಲೆ ತಗ್ಗಿಸಿ ಕೂತಿದ್ದಳು. ಕೊನೆಯ ಪಂದ್ಯಕ್ಕೆ ಹತ್ತು ನಿಮಿಷವಿತ್ತು.

"ಕೈ ಮೇಲೇ ಇರಬೇಕು ಪುಟ್ಟಾ. ಎಷ್ಟು ಸಲ ಹೇಳಿದೀನಿ?"

"ಐ ನೋ, ಅಪ್ಪಾ! ಐ ಡೋಂಟ್ ಈವನ್ ಫೀಲ್ ಇಟ್. ಇಟ್ ಜಸ್ಟ್ ಗೋಸ್."

"ಆ ಬಾಯಾರು ಏನಂದ್ರು?" ಎಂದು ಹಿಂದೆಯೇ ಬಂದ ಸಿದ್ದವ್ವ ಮೆಗನ್ ಬಗ್ಗೆ ಕೇಳಿದಳು. ಜಗದೀಶ ಹೇಳಿದ. ಮೂಗು ಮುರಿಯುವ ಮಾತನ್ನೂ ಬಿಡಲಿಲ್ಲ.  ಅವಳು ಕನ್ನಡಕ ತೆಗೆದು ಮಗನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಮೊಮ್ಮಗಳ ಎದುರು ನಿಂತಳು.

"ಏಳು. ನನಗ ಒದಿ."

"ಆಯಿ, ನೋ!"

"ಒದಿ ಅಂದ್ನಿ. ಆ ಹುಡುಗಿ ಮಾರಿಗಿ ಒದ್ದೆಲ್ಲಾ, ಹಂಗ. ಹಲ್ಲಿಗಿ ಅಂಜಬ್ಯಾಡ, ಉಳಿದಿದ್ದs ನಾಕು."

"ಅವ್ವಾ, ಏನಿದು? ಮಂದಿ ನೋಡಾಕತ್ತಾರ."

"ನೋಡ್ಲಿ," ಎಂದಳು ಸಿದ್ದವ್ವ ಅವನತ್ತ ತಿರುಗದೆ. "ಅವತ್ತೂ ನೋಡಾಕತ್ತಿದ್ರು."

 ಅವತ್ತಿನ ಮಾತನ್ನು ಅವ್ವ ಈ ಮೂವತ್ತೇಳು ವರ್ಷಗಳಲ್ಲಿ ಒಮ್ಮೆಯೂ ಎತ್ತಿರಲಿಲ್ಲ.

ಕೃತಿ ಅಪ್ಪನ ಮುಖ ನೋಡಿದಳು. ಅವನು ಬೇಡವೆನ್ನಲಿಲ್ಲ. ಅವಳ ಕಾಲು ನಿಧಾನವಾಗಿ ಮೇಲೆದ್ದು ಅಜ್ಜಿಯ ಸುಕ್ಕುಗಟ್ಟಿದ ಕೆನ್ನೆಗೆ ತಾಗಿತು. ತಾಗಿದ್ದೇ ತಡ, ಬಲಗೈ ಹೊರಟಿತು. ಸಿದ್ದವ್ವ ಗಪ್ಪನೆ ಆ ಮಣಿಕಟ್ಟು ಹಿಡಿದಳು.

"ಬ್ಯಾಡ. ಅದನ್ನ ನಾನs ಕೊಟ್ಟಿದ್ದೆ. ವಾಪಸ್ ಕೊಡು."

ಎಷ್ಟು ಅರ್ಥವಾಯಿತೋ, ಕೃತಿಯ ಕಣ್ಣು ತುಂಬಿ ಬಂತು. "ಇನ್ನೊಮ್ಮೆ," ಎಂದಳು ಮುದುಕಿ. ಮತ್ತೊಮ್ಮೆ. ಆರನೆಯ ಸಲಕ್ಕೆ ಕೆನ್ನೆ ಕೆಂಪಾಗಿತ್ತು, ಕೈ ಇನ್ನೂ ಹೊರಡಲು ನೋಡುತ್ತಲೇ ಇತ್ತು. ಅಷ್ಟರಲ್ಲಿ ಒಳಗಿನಿಂದ ಕೃತಿಯ ಹೆಸರು ಕೂಗಿದರು.

ಕೊನೆಯ ಪಂದ್ಯದ ಮೊದಲ ನಿಮಿಷ ಅವಳು ಕಾಲನ್ನೇ ಎತ್ತಲಿಲ್ಲ. ಬರೀ ಹಿಂದೆ ಸರಿದಳು. ಮೆಗನ್ ಕಾಗದದ ಮೇಲೆ ಏನೋ ಗೀಚಿದಳು. ಜಗದೀಶ ಕುರ್ಚಿಯ ತುದಿಗೆ ಬಂದಿದ್ದ.  ಹೆದರಿಬಿಟ್ಟಳೇ? ಕೈಯ ಜೊತೆ ಕಾಲನ್ನೂ ಕಳೆದುಬಿಟ್ಟೆವೇ?

ಆಗ ಎಡಗಾಲು ಹಾರಿತು. ಹೆಲ್ಮೆಟ್ಟಿಗೆ ಬಡಿದ ಸದ್ದು ಗ್ಯಾಲರಿಯವರೆಗೂ ಕೇಳಿಸಿತು. ಕೃತಿಯ ಬಲಗೈ ಒಮ್ಮೆ ಅಲುಗಿ, ಮುಷ್ಟಿ ಬಿಗಿದು, ಗದ್ದದ ಪಕ್ಕದಲ್ಲೇ ನಿಂತಿತು. ಎದುರಾಳಿ ಒದ್ದಳು, ಆ ಒದೆತ ಮುಷ್ಟಿಗೆ ತಾಗಿ ಪಕ್ಕಕ್ಕೆ ಹೋಯಿತು. ಮೆಗನ್ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು.

"ಯೂ ಆಲ್‌ರೈಟ್, ಮೇಟ್?"

ಮುಂದಿನ ಸಾಲಿನ ದಪ್ಪ ಮನುಷ್ಯ ಹಿಂದಕ್ಕೆ ತಿರುಗಿ ಕೇಳುತ್ತಿದ್ದ. ಮಗಳು ಒದ್ದ ಭರದಲ್ಲಿ ಜಗದೀಶನ ಬೂಟುಗಾಲೂ ಚಿಮ್ಮಿ ಅವನ ಬೆನ್ನಿಗೆ ಬಡಿದಿತ್ತು. ಆ ಮನುಷ್ಯನ ಭುಜ ಮುಟ್ಟಿದ ಬಲಗೈ ಜಗದೀಶನ ರೆಪ್ಪೆಯ ಹತ್ತಿರ ಬಂದುಬಿಟ್ಟಿತ್ತು. ಎಲ್ಲಿ ಇಳಿಸಬೇಕೆಂದು ತಿಳಿಯದೆ ಅವನು ಅದನ್ನು ಹಾಗೆಯೇ ಹಿಡಿದು ಕೂತ.