ಫೈಲಿಗೆ ಹೋದ ಚೀಟಿ

ಹೊನ್ನಾವರದ ನಮ್ಮ ಕಚೇರಿಯಲ್ಲಿ ಬೆನ್ನ ಹಿಂದೆ ನನಗೆ ‘ಸ್ವಿಚ್ ಬಾಯಿ’ ಎನ್ನುತ್ತಾರೆ, ಎದುರಿಗೆ ಶಾಂಭವಿ ಮೇಡಂ. ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗುತ್ತಿದ್ದರೆ ನನಗೆ ಮೈ ಉರಿಯುತ್ತದೆ. ಒಂದೇ ಬದಿ ಅಚ್ಚಾದ ಕಾಗದವನ್ನು ಎಸೆಯಲು ಬಿಡುವುದಿಲ್ಲ, ಹಿಂಬದಿಯಲ್ಲಿ ಬರೆಸುತ್ತೇನೆ. ಕಾಗದದ ಕಪ್ ನಿಲ್ಲಿಸಿ ಚಹಾಕ್ಕೆ ಸ್ಟೀಲ್ ಲೋಟ ತರಿಸಿದ ದಿನ ಪಕ್ಕದ ಮೇಜಿನ ಹರೀಶ, “ಇನ್ನು ಉಸಿರಾಡೂಕೂ ಅರ್ಜಿ ಕೊಡ್ಬೇಕಾ ಎಂತ?” ಎಂದ. ಎಲ್ಲರೂ ನಕ್ಕರು. ಗುಮಾಸ್ತ ನಿತ್ಯಾನಂದ ನಾಯ್ಕರು ಮಾತ್ರ ತಮ್ಮ ಲೋಟ ತಾವೇ ತೊಳೆದು ಬೋರಲು ಹಾಕಿದರು.

ನಾಯ್ಕರು ಕುಮಟೆಯಿಂದ ಬಸ್ಸಿನಲ್ಲಿ ಬರುವವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ನಾನು ಮದುವೆಯಾಗದವಳು, ಐವತ್ತೆರಡು ದಾಟಿದೆ. ಜುಲೈ ಬಂತೆಂದರೆ ಸಂಜೆ ಮನೆಗೆ ಹೋದವಳೇ ಟೀವಿಯಲ್ಲಿ, ದಿನಕ್ಕೊಂದು ಹಂತದಂತೆ ಮೂರು ವಾರ ನಡೆಯುವ ಫ್ರಾನ್ಸಿನ ಸೈಕಲ್ ರೇಸು ಹಚ್ಚಿಕೊಂಡು ಕೂರುತ್ತೇನೆ. ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ, ಅದು ಬೇರೆ ಮಾತು.

“ಅದ್ರಲ್ಲಿ ನೋಡೂಕೆ ಎಂತ ಅದೆ?” ಎಂದು ನಾಯ್ಕರು ಒಮ್ಮೆ ಕೇಳಿದರು. ಕೇಳಿದವರು ಅವರೊಬ್ಬರೇ.

“ಎಂತದೂ ಆಗೂದಿಲ್ಲ, ಅದೇ ಚಂದ” ಎಂದೆ. ಸೂರ್ಯಕಾಂತಿ ಗದ್ದೆ, ಹಳೇ ಸೇತುವೆ, ಗುಡ್ಡದ ದಾರಿ, ಗಂಟೆಗಟ್ಟಲೆ ತುಳಿಯುತ್ತಲೇ ಇರುತ್ತಾರೆ. ಮುಂದಿನವನು ಗಾಳಿಗೆ ಎದೆ ಕೊಟ್ಟರೆ ಹಿಂದಿನವರಿಗೆ ಹಗುರ. ಅವನು ಸೋತಾಗ ಪಕ್ಕಕ್ಕೆ ಸರಿಯುತ್ತಾನೆ, ಇನ್ನೊಬ್ಬ ಮುಂದೆ ಬರುತ್ತಾನೆ. ಯಾರೂ ಇಡೀ ದಾರಿಯ ಗಾಳಿಯನ್ನು ಒಬ್ಬರೇ ತಿನ್ನಬೇಕಾಗಿಲ್ಲ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ನಾಯ್ಕರು ಕನ್ನಡಕ ಒರೆಸಿಕೊಂಡರು. ಮರುದಿನದಿಂದ ಬಂದ ಕೂಡಲೇ, “ನಿನ್ನೆ ಎಂತಾತು?” ಎಂದು ಕೇಳತೊಡಗಿದರು. ಆ ಒಂದು ಪ್ರಶ್ನೆಗಾಗಿ ನಾನು ಬೆಳಿಗ್ಗೆ ಬೇಗ ಏಳುತ್ತಿದ್ದೆ ಎಂದರೆ ಸುಳ್ಳಲ್ಲ.

ಅಷ್ಟರಲ್ಲಿ ಅವರಿಗೆ ಭಟ್ಕಳಕ್ಕೆ ವರ್ಗವಾಯಿತು. ಹೊರಡುವ ಶನಿವಾರ ನಾನು ಧೈರ್ಯ ಮಾಡಿದೆ. ಬಾಯಲ್ಲಿ ಕರೆಯುವ ಹಾಗಿರಲಿಲ್ಲ, ನಮ್ಮ ಕಚೇರಿಯಲ್ಲಿ ಗೋಡೆಗಿಂತ ಮೊದಲು ಹರೀಶನಿಗೆ ಕಿವಿ. ಹಳೇ ಸುತ್ತೋಲೆಯ ಹಿಂಬದಿಯಲ್ಲಿ ಬರೆದೆ: “ನಾಳೆ ಗುಡ್ಡದ ಹಂತ. ಐದು ಗಂಟೆಗೆ ಮನೆಗೆ ಬನ್ನಿ. ಚಹಾ ಮಾಡುತ್ತೇನೆ. ಶಾಂಭವಿ.” ಅವರ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗಿಟ್ಟೆ.

ಭಾನುವಾರ ಶಂಕರಪೋಳಿ ಮಾಡಿ, ಟೀವಿ ಎದುರಿನ ದಿವಾನಕ್ಕೆ ಒಗೆದ ಬೆಡ್‌ಶೀಟು ಹಾಸಿ, ಐದರಿಂದ ಎಂಟೂವರೆವರೆಗೆ ಬಾಗಿಲು ತೆರೆದೇ ಇಟ್ಟೆ. ಅವರು ಬರಲಿಲ್ಲ. ಯಾರು ಗೆದ್ದರೋ ನಾನು ನೋಡಲಿಲ್ಲ. ನಾಚಿಕೆಯಿಂದ ಸಾಯುವಂತಾಯಿತು.

ಆಗಸ್ಟ್ ಮೊದಲ ವಾರ ಯಾವುದೋ ದಾಖಲೆ ಹುಡುಕುತ್ತ ಅವರು ಬಿಟ್ಟುಹೋದ ಫೈಲು ಬಿಚ್ಚಿದೆ. ನನ್ನ ಚೀಟಿ ಅಲ್ಲಿತ್ತು. ಎರಡು ತೂತು ಹೊಡೆದು, ಟ್ಯಾಗು ಹಾಕಿ, ನನ್ನ ಅಕ್ಷರ ಮೇಲೆ ಬರುವಂತೆ ಇಟ್ಟು, ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಪುಟ ನಲವತ್ತೇಳು ಎಂದು ಬರೆದಿದ್ದರು. ಉತ್ತರ ತೋಚದ ಕಾಗದಕ್ಕೆ ಪುಟಸಂಖ್ಯೆ ಹಾಕಿ ಫೈಲಿಗೆ ಸೇರಿಸಿಬಿಡುವುದು ನಮ್ಮ ಗುಮಾಸ್ತರ ಜಾಯಮಾನ. ನನಗೆ ರೇಗಿಹೋಯಿತು. ವರಾಂಡಕ್ಕೆ ಹೋಗಿ ಭಟ್ಕಳಕ್ಕೆ ಫೋನು ಹಚ್ಚಿದೆ.

“ನಾಯ್ಕರೇ, ಪುಟ ನಲವತ್ತೇಳು ನೋಡ್ದೆ.”

“ಹರಿದು ಹಾಕೂಕೆ ಮನಸ್ಸಾಗ್ಲಿಲ್ಲ ಮೇಡಂ. ಮನೆಗೆ ಒಯ್ಯೂಕೆ ಧೈರ್ಯ ಆಗ್ಲಿಲ್ಲ.”

“ಬರೂದಿಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತು.”

“ಹೊನ್ನಾವರ ಬಸ್‌ಸ್ಟ್ಯಾಂಡಿನವರೆಗೆ ಬಂದಿದ್ದೆ. ಒಬ್ರೇ ಇರೂ ಹೆಂಗಸ್ರ ಮನೆ, ಜನ ನಾಳೆ ನಿಮ್ಗೇ ಅಲ್ವಾ ಹೇಳೂದು, ಅಂತ ವಾಪಸ್ ಹೋದೆ. ಮನೇಲಿ ಟೀವಿ ಹಚ್ಕಂಡು ಕೊನೆವರೆಗೂ ನೋಡ್ದೆ. ಒಬ್ನೇ.”

ನನಗೆ ಅಳು ಬಂತು. ಬಾಯಿಗೆ ಬಂದದ್ದು ಮಾತ್ರ ಬೈಗುಳವೇ. “ಒಂದೇ ರೇಸಿಗೆ ಎರಡು ಮನೇಲಿ ಕರೆಂಟು ಸುಡೂದು ಎಂತಕ್ಕೆ ನಾಯ್ಕರೇ?”

“ಹೌದು ಮೇಡಂ, ತಪ್ಪಾತು” ಎಂದರು. ಆಮೇಲೆ ಮೆಲ್ಲಗೆ, “ಮತ್ತೆ ಯಾವಾಗ ಅದು?” ಎಂದು ಕೇಳಿದರು.

“ಜುಲೈಗೆ” ಎಂದೆ. ಅದಕ್ಕೆ ಇನ್ನೂ ಹನ್ನೊಂದು ತಿಂಗಳಿತ್ತು.