ಬಿಸಿಲು ತಾಗದ ಜಾಗ

ನೆರಳು ಮತ್ತೆ ಜಾರಿತು, ಈಗಷ್ಟೇ ಚಾಪೆಯ ಅಂಚನ್ನು ಮುಚ್ಚಿಕೊಂಡಿತ್ತು, ನೋಡನೋಡುತ್ತ ಅತ್ತೆಯ ಕಡೆಗೆ ಸರಿದು ದೊಡ್ಡ ಮಗಳ ಪಾದಗಳನ್ನು ಬಿಸಿಲಿಗೆ ಬಿಟ್ಟುಕೊಟ್ಟಿದೆ — ಕಾಲು ಒಳಗೆ ಎಳ್ಕೋ ಬೆಣ್ಣೆ, ಎಷ್ಟು ಸಲ ಹೇಳ್ಬೇಕು ನಿಂಗೆ, ಎಂದು ತಾಯಿ ತಾನೇ ಬಗ್ಗಿ ಆ ಎರಡು ಬೆಳ್ಳನೆಯ ಪಾದಗಳನ್ನು ಗಾಜಿನ ಸಾಮಾನು ಎತ್ತಿಡುವ ಹಾಗೆ ಎತ್ತಿ ಒಳಗಿಟ್ಟಳು, ಕೊಡೆಯ ಕೋಲನ್ನು ಒಂದಿಷ್ಟು ವಾಲಿಸಿದಳು, ಕಡಲ ದಂಡೆಯ ಮರಳು ಸಡಿಲ, ಕೋಲು ನಿಲ್ಲದು, ಸೂರ್ಯನಿಗಂತೂ ಒಂದೆಡೆ ಕೂರುವ ಮರ್ಯಾದೆಯೇ ಗೊತ್ತಿಲ್ಲ, ಬೆಳಗಿನಿಂದ ಅವನ ಹಿಂದೆ ಹಿಂದೆ ಚಾಪೆ ಎಳೆದು ಸೊಂಟ ಬಿದ್ದುಹೋಯಿತು. ಇರುವುದು ಒಂದೇ ಕೊಡೆ. ಇನ್ನೊಂದು ತಗೊಳ್ಳೋಣ್ವಾ ಎಂದು ಗಂಡ ಕೇಳಿದ್ದ, ಕೊಡೆ ಬಾಡಿಗೆಗೆ ಕೊಡುವ ಹೆಂಗಸು ಎರಡನೆಯದನ್ನೂ ಹೆಗಲ ಮೇಲೆ ಹೊತ್ತು ನಿಂತಿದ್ದಳು, ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿದರು, ನಾನು, ಬೆಣ್ಣೆ, ನಿನ್ನ ಹೆಂಡ್ತಿ, ನೀನು ಹೆಂಗೂ ನೀರು ಬಿಟ್ಟು ಬರಲ್ಲ, ಒಂದು ಸಾಕು ಬಿಡೋ — ಲೆಕ್ಕ ಅಲ್ಲಿಗೇ ಮುಗಿಯಿತು, ಚಿಕ್ಕವಳು ಯಾವ ಬೆರಳಿಗೂ ಬರಲಿಲ್ಲ, ಹೆತ್ತವಳು ಪಕ್ಕದಲ್ಲೇ ನಿಂತು ಹೌದು ಸಾಕು ಎಂದಳು, ಅಂದದ್ದು ಈಗ ನೆನಪಾಗುತ್ತಿದೆ, ನೆನಪಾದದ್ದನ್ನು ಮರಳು ಕೊಡವಿದ ಹಾಗೆ ಚಾಪೆಯಿಂದ ಕೊಡವಿದಳು. ಚಿಕ್ಕವಳಿಗೇನು, ಅವಳು ಒಂದು ಕಡೆ ಕೂರುವ ಕೂಸೇ ಅಲ್ಲ. ದೊಡ್ಡವಳು ಬೆಣ್ಣೆ, ಚಿಕ್ಕವಳು ಕಾಡಿಗೆ, ಹೆಸರಿಟ್ಟವರು ಅತ್ತೆ, ಹೆರಿಗೆ ಕೋಣೆಯಲ್ಲೇ, ಬಟ್ಟೆಯ ಗಂಟಿನ ಮಡಿಕೆ ಸರಿಸಿ ನೋಡಿ, ಓಹೋ, ಅಕ್ಕನಿಗೆ ದೃಷ್ಟಿ ಆಗದೇ ಇರ್ಲಿ ಅಂತ ದೇವರು ಕಾಡಿಗೆ ಬೊಟ್ಟನ್ನೂ ಕಳಿಸಿಬಿಟ್ಟ ನೋಡು, ನರ್ಸು ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಇವಳೂ ನಕ್ಕಳು, ಹೊಲಿಗೆ ಎಳೆಯುತ್ತಿತ್ತು, ನಗುವಾಗ ಇನ್ನೂ ಎಳೆಯಿತು.

ಈಗ ಬೆಣ್ಣೆಯ ಸರದಿ ಮತ್ತೆ, ಟ್ಯೂಬಿನ ಮೇಲೆ ಬರೆದಿದೆ, ಆಗಾಗ ಹಚ್ಚುತ್ತಿರಬೇಕು ಅಂತ, ಹಿಂಡಿದರೆ ಅಂಗೈ ತುಂಬ ಬೆಳ್ಳನೆಯ ಸನ್‌ಸ್ಕ್ರೀನ್, ತಣ್ಣಗೆ, ಮೊದಲು ಕಿವಿಯ ಹಿಂದೆ, ಅಲ್ಲಿ ಎಲ್ಲರೂ ಮರೆಯುತ್ತಾರೆ, ಮೂಗಿನ ಹೊಳ್ಳೆಯ ಕೆಳಗೆ, ಕೂದಲು ಹುಟ್ಟುವ ಗೆರೆಯಲ್ಲಿ, ಮೊಣಕಾಲಿನ ಹಿಂಬದಿಯ ಮಡಿಕೆಯಲ್ಲಿ — ಇಂಥ ಜಾಗಗಳು ಅವಳಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು, ಫೋಟೋ ಸ್ಟುಡಿಯೋದಲ್ಲಿ ದಿನವಿಡೀ ಅವಳು ಮಾಡುವುದೇ ಅದು, ಕಂಪ್ಯೂಟರಿನ ಮುಂದೆ ಕೂತು ಮದುಮಗಳ ಮುಖವನ್ನು ಬಿಳಿ ಮಾಡುವುದು, ಸ್ವಲ್ಪ ಬೆಳ್ಳಗೆ ಮಾಡಿ ಮೇಡಂ, ಗೊತ್ತಾಗದ ಹಾಗೆ, ಎಂದು ತಾಯಂದಿರು ಕಿವಿಯ ಹತ್ತಿರ ಬಂದು ಪಿಸುಗುಡುತ್ತಾರೆ, ಮುಖವೊಂದನ್ನೇ ಬಿಳಿ ಮಾಡಿದರೆ ಕಿವಿ ಸುಳ್ಳು ಹೇಳಲ್ಲ, ಕುತ್ತಿಗೆ ಸುಳ್ಳು ಹೇಳಲ್ಲ, ಕೈಬೆರಳ ಗೆಣ್ಣು ಸುಳ್ಳು ಹೇಳಲ್ಲ, ಎಲ್ಲ ಕಡೆಗೂ ಕುಂಚ ಆಡಿಸಬೇಕು, ಕಣ್ಣಿನ ಕೆಳಗೆ ಒಂದಿಷ್ಟು ನೆರಳು ಬಿಡಬೇಕು, ಇಲ್ಲದಿದ್ದರೆ ಸುಣ್ಣ ಬಳಿದ ಗೋಡೆ. ಕೈ ಎಷ್ಟು ಕುದುರಿತೆಂದರೆ ಮನೆಯವರದೇ ದೊಡ್ಡ ಫೋಟೋ ಮಾಡಿಸಿದಾಗ ಯಾರೂ ಕೇಳದೆಯೇ ಚಿಕ್ಕವಳ ಮೇಲೂ ಆಡಿಸಿಬಿಟ್ಟಳು, ಒಂದು ಸುತ್ತು, ಎರಡು ಸುತ್ತು, ಫೋಟೋ ಪಡಸಾಲೆಯ ಗೋಡೆ ಏರಿತು, ಅತ್ತೆ ಕನ್ನಡಕ ಏರಿಸಿ ನೋಡಿ ಪರವಾಗಿಲ್ವೇ ಎಂದರು, ಚಿಕ್ಕವಳು ಮಾತ್ರ ಕುರ್ಚಿ ಎಳೆದು ಹತ್ತಿ ಬಹಳ ಹೊತ್ತು ಹುಡುಕಿ ಕೇಳಿದಳು, ಅಮ್ಮ ಇದ್ರಲ್ಲಿ ನಾನೆಲ್ಲಿ. ಅಲ್ಲೇ ಇದೀಯಲ್ಲೇ ಪೆದ್ದಿ. ಎಲ್ಲಿ — ನಂಗೂ ಅಮ್ಮ, ಎನ್ನುತ್ತಿದೆ ಮಗು ಈಗ, ಅದೇ ದನಿ, ಚಾಪೆಯ ಪಕ್ಕದಲ್ಲಿ, ಬೆನ್ನು ತಿರುಗಿಸಿ, ಎರಡೂ ಕೈಯಲ್ಲಿ ಕೂದಲು ಮೇಲಕ್ಕೆತ್ತಿ ಹಿಡಿದು ತನ್ನ ಸರದಿಗೆ ಕಾದು ನಿಂತಿದೆ, ಮೈಮೇಲೆ ಅಕ್ಕನ ಹಳೆಯ ಈಜುಡುಗೆ, ಜಗ್ಗಿ ಜೋತು ಅರ್ಧ ಬೆನ್ನು ಬಯಲು. ಅತ್ತೆ ನಕ್ಕರು, ನಿಂಗ್ಯಾಕೇ ಕಾಡಿಗೆ, ಇದ್ದಿಲಿಗೆ ಬಿಸಿಲು ತಾಗುತ್ತೆ ಅಂತ ಯಾರಾದ್ರೂ ಕೊಡೆ ಹಿಡೀತಾರಾ, ಪಕ್ಕದ ಚಾಪೆಯವರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಚಿಕ್ಕವಳೇ ನಕ್ಕಳು, ಕೂದಲು ಮಾತ್ರ ಕೆಳಗಿಳಿಸಲಿಲ್ಲ. ಅವಳಿಗೂ ಹಚ್ಚಮ್ಮ, ನನ್ನ ಕಾಲಿಗೆ ಬೇಡ, ಎಂದಳು ಬೆಣ್ಣೆ, ಮೆಲ್ಲಗೆ, ಆ ಮೆಲುದನಿ ಅಮ್ಮನಿಗೆ ಯಾಕೋ ಮುಳ್ಳಿನ ಹಾಗೆ ಚುಚ್ಚಿತು, ಹತ್ತು ವರ್ಷದ್ದು ತನಗೆ ಬುದ್ಧಿ ಹೇಳುವ ಹಾಗಾಯಿತೇ — ನಿಂದು ನೀನು ನೋಡ್ಕೋ, ಇವಳಿಗೇನಾಗುತ್ತೆ, ಕಲ್ಲುಗುಂಡು, ಹೋಗೇ, ಹೋಗಿ ಅಪ್ಪನ ಹತ್ರ ಆಡ್ಕೋ ಹೋಗು, ಎಂದು ಆ ಬಯಲು ಬೆನ್ನಿನ ನಡುವೆ ಇನ್ನೂ ಒರೆಸಿರದ ಬೆಳ್ಳನೆಯ ಕೈಯಿಟ್ಟು ತಳ್ಳಿದಳು. ಜೋರಾಗಿ ಅಲ್ಲ. ಜೋರಾಗಿಯೇ ಇರಬೇಕು, ಮಗುವಿನ ಮೊಣಕಾಲು ಮರಳಿಗೆ ತಾಗಿತು, ಎದ್ದು ತಿರುಗಿ ನೋಡಿ ಒಮ್ಮೆ ನಕ್ಕು ಓಡಿತು.

ನೀರಿಗೆ ಇಳಿಯುವುದಿಲ್ಲ ಅದು, ಅಲೆ ಕಂಡರೆ ಹೆದರಿಕೆ, ಒಣ ಮರಳಿನಲ್ಲೇ ಕುಕ್ಕರಗಾಲಲ್ಲಿ ಕೂತು ಗುಂಡಿ ತೋಡುತ್ತದೆ, ಬೆನ್ನು ಸೂರ್ಯನಿಗೆ, ಮುಖ ಗುಂಡಿಗೆ, ಗಂಡ ನೀರಿನಿಂದ ಕೈ ಬೀಸುತ್ತಾನೆ, ಬಾರೇ ಪುಟ್ಟಿ, ಅದು ತಲೆ ಎತ್ತದು, ಹಾಗೇ ಕೂತಿದೆ, ಹೊತ್ತು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು, ಅತ್ತೆ ಗೊರಕೆ ಹೊಡೆದರು, ಬೆಣ್ಣೆಯ ಮೇಲೆ ತೆಳು ದುಪ್ಪಟ್ಟ ಹೊದಿಸಿಯಾಯಿತು, ಟೋಪಿ ಇಟ್ಟಾಯಿತು, ನೀರು ಕುಡಿಸಿಯಾಯಿತು, ಚಾಪೆ ಎಳೆದಾಯಿತು, ಮತ್ತೆ ಅತ್ತ ನೋಡಿದರೆ ಚಿಕ್ಕವಳ ಮೇಲೆ ನೆರಳು. ನೀಲಿ ಕೊಡೆ. ಆ ಕೊಡೆಯ ಹೆಂಗಸು, ಗಿರಾಕಿ ಸಿಗದೆ ಉಳಿದಿದ್ದ ತನ್ನ ಎರಡನೆಯ ಕೊಡೆಯನ್ನು ತಂದು ಮಗುವಿನ ಪಕ್ಕದಲ್ಲಿ ಊರಿ, ಸುತ್ತ ಮರಳು ಒತ್ತಿ, ಕೋಲು ಅಲ್ಲಾಡುತ್ತದೆಯೇ ಎಂದು ಎರಡು ಸಲ ಹಿಡಿದು ನೋಡಿ, ಏನೂ ಮಾಡದವಳ ಹಾಗೆ ಆಚೆ ನಿಂತಿದ್ದಾಳೆ. ನೋಡಿದವರು ಏನಂದುಕೊಂಡಾರು, ತಾಯಿ ಇಲ್ಲದ ಕೂಸು ಅಂತಲೇ, ಪಕ್ಕದ ಚಾಪೆಯವರು ಒಮ್ಮೆ ಕೊಡೆ ನೋಡಿದರು, ಒಮ್ಮೆ ಇವಳನ್ನು ನೋಡಿದರು, ಕಿವಿಯವರೆಗೂ ಬಿಸಿ ಏರಿ ಇವಳು ಎದ್ದು ನಡೆದಳು, ಕಾಲ ಕೆಳಗೆ ಕಾದ ಮರಳು, ಕೆಂಡ, ಅಂಗಾಲು ಊರಲಾಗದೆ ಕುಣಿಯುತ್ತಲೇ ಹೋದಳು — ಏಯ್, ಏಳು ಮೇಲೆ, ಕಂಡೋರ ನೆರಳಲ್ಲಿ ಕೂರ್ತೀಯಾ, ನಾಚಿಕೆ ಆಗಲ್ವಾ. ಇರ್ಲಿ ಬಿಡಿಯಮ್ಮ, ಖಾಲಿ ಬಿದ್ದಿತ್ತು, ಮಗೂನ ಬೆನ್ನು ಕಾದ್ಹೋಗಿದೆ ಪಾಪ, ಎಂದಳು ಕೊಡೆಯವಳು. ನಮ್ಮ ಮಗು ನಮಗೆ ಗೊತ್ತು, ಅವಳಿಗೆ ಬಿಸಿಲು ಅಂದ್ರೆ ಇಷ್ಟ, ಅಲ್ವೇನೇ. ಮಗು ಅಮ್ಮನ ಮುಖ ನೋಡಿತು, ಕೊಡೆಯವಳ ಮುಖ ನೋಡಿತು, ಹೂಂ ಇಷ್ಟ ಎಂದಿತು. ಕೊಡೆಯವಳು ಕೊಡೆ ಕಿತ್ತಳು, ಹೋಗುವಾಗ ಸೊಂಟದ ಬಾಟಲಿಯಿಂದ ನೀರು ಬಗ್ಗಿಸಿ ಮಗುವಿನ ನೆತ್ತಿಗೆ ಒಂದು ಬೊಗಸೆ ತಟ್ಟಿ ಹೋದಳು. ಇವಳು ತಿರುಗಿ ತನ್ನ ನೆರಳಿಗೆ ಬಂದಳು, ಒಬ್ಬಳೇ. ಬಿಸಿಲು ಏನು ಮಾಡೀತು, ಎಂದು ಅಂದುಕೊಂಡಳು, ಕಪ್ಪಿಗೆ ಬಿಸಿಲು ತಾಗಲ್ಲ, ಇದು ಅವಳದೇ ಮಾತಲ್ಲ, ಅಣ್ಣನದು, ಚಿಕ್ಕಂದಿನಲ್ಲಿ ಟೆರೇಸಿನ ಮೇಲೆ ಎಲ್ಲರೂ ಆಡಿ ಬಂದ ದಿನ, ನಿನ್ನ ನೋಡಿದ್ರೆ ಸೂರ್ಯನೇ ಓಡಿಹೋಗ್ತಾನೆ ಬಿಡೇ ಎಂದು ಅಣ್ಣ ನಕ್ಕಿದ್ದ, ಆಮೇಲೆ, ಆಮೇಲೆ ಏನಾಗಿತ್ತು, ಹೆಗಲ ಮೇಲೆ ಫ್ರಾಕಿನ ಪಟ್ಟಿ ಸೋಕಿದರೆ ಪ್ರಾಣ ಹೋಗುತ್ತಿತ್ತು, ಒಂದು ವಾರ ಬೋರಲಾಗಿ ಮಲಗಿದ್ದಳು, ಈರುಳ್ಳಿ ಸಿಪ್ಪೆಯ ಹಾಗೆ ಚರ್ಮ ಸುಲಿದು ಬಂದಿತ್ತು, ಯಾರಿಗೂ ತೋರಿಸಿರಲಿಲ್ಲ, ತೋರಿಸಿದರೆ ಇನ್ನೊಂದು ಸಲ ನಗುತ್ತಾರೆ — ಹಾಗಾದರೆ ಗೊತ್ತಿತ್ತು, ಗೊತ್ತಿದ್ದೇ, ಅಲ್ಲ, ಮರೆತಿತ್ತು, ಯಾರಾದರೂ ಮರೆಯುತ್ತಾರೆಯೇ ಅದನ್ನು, ತನ್ನ ಹೆಗಲು ಅದು. ಬೆಣ್ಣೆ, ಕಾಲು ಒಳಗೆ.

ಕೂಗು ಬಚ್ಚಲಿನಿಂದ ಬಂತು, ಬಾಡಿಗೆ ಕೋಣೆಯ ಬಚ್ಚಲು, ಸಂಜೆಯ ಬೆಳಕು ಕಿಟಕಿಯ ಗಾಜಿನಲ್ಲಿ ಇನ್ನೂ ಇತ್ತು, ಗಂಡ ಚಿಕ್ಕವಳ ಮೈಗೆ ಒಂದು ಚೊಂಬು ನೀರು ಹಾಕಿದ್ದಷ್ಟೇ, ತಣ್ಣೀರೇ, ಅದು ಬಿಸಿನೀರು ಬಿಸಿನೀರು ಎಂದು ಕಿರುಚಿತು, ಗಂಡ ಒದ್ದೆ ಕೈಯಲ್ಲೇ ಹೊರಗೆ ಬಂದ, ಸ್ವಲ್ಪ ಬಾ ಇಲ್ಲಿ, ಇವಳ ಬೆನ್ನು ನೋಡು, ಅಷ್ಟೇ ಅಂದದ್ದು, ಬೈಯಲಿಲ್ಲ, ಬೈದಿದ್ದರೆ ಒಂದು ಉತ್ತರ ಇತ್ತು ಅವಳ ಹತ್ತಿರ. ಬೆನ್ನು ಬೆನ್ನಿನ ಹಾಗಿರಲಿಲ್ಲ, ಮಸಿ ಹಿಡಿದ ತಾಮ್ರದ ಹಾಗೆ ಕಂದಿ, ಊದಿ, ಮಿರಮಿರ ಮಿಂಚುತ್ತ, ಹೆಗಲ ಹತ್ತಿರ ಸಾಸಿವೆಯಂಥ ಗುಳ್ಳೆಗಳು, ಕೈ ಹತ್ತಿರ ತಂದರೆ ಒಲೆಯ ಹತ್ತಿರ ತಂದ ಹಾಗೆ ಕಾವು, ಮತ್ತು ನಡುವೆ, ಸರಿಯಾಗಿ ನಡುವೆ, ಒಂದು ಅಂಗೈ. ಐದು ಬೆರಳು ಬಿಡಿಬಿಡಿಯಾಗಿ. ಊದಿಲ್ಲ, ಕಂದಿಲ್ಲ, ನಿನ್ನೆಯ ಚರ್ಮ ಹಾಗೇ ಉಳಿದಿದೆ, ಸುಟ್ಟ ಬೆನ್ನಿನ ಮೇಲೆ ಅದೊಂದೇ ತಿಳಿಯಾಗಿ, ಹೆಬ್ಬೆರಳು ಎಡಕ್ಕೆ, ಕಿರುಬೆರಳು ಕೊಂಚ ಸೊಟ್ಟ, ಅವಳ ಕಿರುಬೆರಳೂ ಸೊಟ್ಟ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಇದೇನೇ ಇದು ಕೈ ಗುರುತು, ಎಂದು ಅತ್ತೆ ಬಗ್ಗಿದರು, ಕನ್ನಡಕ ಹುಡುಕಿದರು, ಯಾರ್ದೇ ಇದು, ಆಮೇಲೆ ಸೊಸೆ ಸುತ್ತಿಕೊಂಡ ಸೆರಗನ್ನು ನೋಡಿದರು, ತಮ್ಮ ಹತ್ತಿಯ ಹಳೇ ಸೀರೆಯನ್ನು ಚರ್ರನೆ ಹರಿದು ನೀರಿಗೆ ಅದ್ದಿ ತಂದರು. ಡಾಕ್ಟರ್ ಎಲ್ಲಿದಾರೆ ಕೇಳ್ಕೊಂಡು ಬರ್ತೀನಿ ಎಂದು ಗಂಡ ಚಪ್ಪಲಿ ಮೆಟ್ಟಿದ, ಬೆಣ್ಣೆ ಮೂಲೆಯಲ್ಲಿ ಅಳುತ್ತಿದ್ದಾಳೆ, ತಣ್ಣಗಿನ, ಒಂದು ಕಲೆಯೂ ಇಲ್ಲದ ಕಾಲುಗಳನ್ನು ತಬ್ಬಿಕೊಂಡು, ಒದ್ದೆ ಬಟ್ಟೆ ಹಾಕಬೇಕು, ಹಾಕಿದರೆ ಗುಳ್ಳೆ ಒಡೆದೀತೇ, ನೀರು ಕುಡಿಸಬೇಕು, ಜ್ವರ ಬಂದೀತು, ಬೆಳಗ್ಗೆ ಹೊರಡಬೇಕು, ಬಸ್ಸಿನ ಸೀಟಿಗೆ ಚಿಕ್ಕವಳು ಹೇಗೆ ಒರಗುತ್ತಾಳೆ, ಎಲ್ಲಿಂದ ಶುರುಮಾಡಿದರೂ ಅಲ್ಲಿಗೇ ಬರುತ್ತದೆ, ಹೆಬ್ಬೆರಳು ಎಡಕ್ಕೆ, ಮುದ್ದು ಮಾಡಿದ ಕೈಯಾಗಿದ್ದರೆ ಅಲ್ಲಿಂದ ಜಾರಿ ಹೆಗಲಿಗೆ ಹೋಗುತ್ತಿತ್ತು, ಕುತ್ತಿಗೆಗೆ ಹೋಗುತ್ತಿತ್ತು, ಇದು ಇಟ್ಟ ಕಡೆಯೇ ಇಟ್ಟು ತಳ್ಳಿದ್ದು, ಅದಕ್ಕೇ ಅಚ್ಚು ಇಷ್ಟು ಸ್ಪಷ್ಟ. ಮಗು ಕೋಣೆಗೆ ಬಂದು ಬೀರುವಿನ ಕನ್ನಡಿಗೆ ಬೆನ್ನು ಮಾಡಿ ಕುತ್ತಿಗೆ ತಿರುಚಿ ನೋಡುತ್ತಿದೆ, ಅಳು ನಿಂತಿದೆ, ಯಾವಾಗ ನಿಂತಿತು, ಕಣ್ಣು ಅರಳಿವೆ — ಅಮ್ಮ, ಅಮ್ಮಾ, ಇಲ್ನೋಡು, ಇಲ್ಲಿ ನಾನು ಬೆಳ್ಳಗಾಗಿದೀನಿ. ಹೂಂ ಎನ್ನಬೇಕು, ಇಲ್ಲ ಎನ್ನಬೇಕು. ನೀನು ತಳ್ಳಿದ್ಯಲ್ಲಮ್ಮ, ಅಲ್ಲಿ, ಸರಿಯಾಗಿ ಅಲ್ಲೇ, ಎಂದು ಅದು ನಗುತ್ತಿದೆ, ಹಲ್ಲು ಬಿದ್ದ ಬಾಯಿ, ನಾಳೆ ಇಲ್ಲೂ ತಳ್ಳು ಅಮ್ಮ, ಈ ಕಡೆ ಹೆಗಲಿಗೂ, ಕೈಗೂ, ಮುಖಕ್ಕೂ ತಳ್ಳು, ನಾನು ಬೀಳಲ್ಲ, ಗಟ್ಟಿಯಾಗಿ ನಿಂತ್ಕೋತೀನಿ, ಅತ್ತೆಯ ಕೈಯ ಬಟ್ಟೆಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿದೆ, ಮಗು ತಿರುಗಿ ನಿಂತಿದೆ, ಬೆನ್ನು ಈಗ ಅವಳ ಕಡೆಗೆ ಇದೆ, ಉಸಿರೆಳೆದಾಗ ಬೆರಳು ಅಗಲವಾಗುತ್ತವೆ, ಉಸಿರು ಬಿಟ್ಟಾಗ ಕೂಡಿಕೊಳ್ಳುತ್ತವೆ, ಅಗಲವಾಗುತ್ತವೆ, ಕೂಡಿಕೊಳ್ಳುತ್ತವೆ, ಐದು ಬೆರಳು, ಕಿರುಬೆರಳು ಸೊಟ್ಟ, ಐದು ಬೆರಳು —