ಎರಡನೆಯ ಗುಂಡಿನ ಪದ

ನಮ್ಮ ಕಬ್ಬೂರಿನ ಡೊಳ್ಳಿನ ಮೇಳಕ್ಕೆ ಪದ ಕಟ್ಟುವವನು ಕಾಡಸಿದ್ದ ಕಾಕಾ. ಅವನಿಗೆ ಓದು ಬರಹ ಬಾರದು. ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳಾದರೂ ನನ್ನ ಅಕ್ಷರ ದುಂಡಗಿವೆಯೆಂದು ಅವನು ಹೇಳಿದ್ದನ್ನೆಲ್ಲ ನನ್ನಿಂದಲೇ ಬರೆಸುತ್ತಿದ್ದ. ೧೯೮೬ರ ದೀಪಾವಳಿ ಕಳೆದ ಮೇಲೆ ಅವನು ನನ್ನ ಅಜ್ಜ ಮಲಕಾರಿಯ ಮೇಲೆ ಪದ ಕಟ್ಟಿದ. ಪದಕ್ಕೆ ಎದುರು ಪದ ಹಾಡುವ ಪಂದ್ಯದಲ್ಲಿ ಬೋರಗಾಂವದ ಮೇಳ ಮೂರು ವರ್ಷದಿಂದ ನಮ್ಮನ್ನು ಸೋಲಿಸುತ್ತಿತ್ತು. ಅವರ ಬಳಿ ದೇವರ ಪದಗಳಿದ್ದವು, ರಾಜರ ಪದಗಳಿದ್ದವು. ಲಡಾಯಿಗೆ ಹೋಗಿ ಬಂದ ಮನುಷ್ಯನ ಪದ ಒಂದೂ ಇರಲಿಲ್ಲ.

ಅಜ್ಜ ಇಂಗ್ರೇಜರ ಕಾಲದ ದೊಡ್ಡ ಲಡಾಯಿಗೆ ಹಡಗು ಹತ್ತಿ ಹೋಗಿದ್ದ. ಅವನ ಕಥೆ ಊರಿಗೆಲ್ಲ ಬಾಯಿಪಾಠ. ಯಾವುದೋ ಗುಡ್ಡಗಾಡಿನಲ್ಲಿ ಹನ್ನೆರಡು ಸಿಪಾಯಿಗಳು ವೈರಿಯನ್ನು ಹುಡುಕುತ್ತಿದ್ದರು. ಕುರಿಗಂಟೆಯ ಸಪ್ಪಳ ಕೇಳಿಸಿತು. ಕುರಿ ಕಾಯುವವರ ಮಗನಾದ ಅಜ್ಜ ಆ ಸಪ್ಪಳದ ಮೇಲೆಯೇ ಕುರಿ ಕೂಡುವ ಹಟ್ಟಿಯನ್ನು ಪತ್ತೆಮಾಡಿದ. ಒಳಗೆ ಅಡಗಿದ್ದ ವೈರಿಗಳನ್ನೆಲ್ಲ ಮುಗಿಸಿ ಬಂದ. ಕಾಕಾ ಇದನ್ನೇ ಹಿಗ್ಗಿಸಿ ಇಪ್ಪತ್ತು ನುಡಿ ಮಾಡಿದ್ದ.

ಬರೆಯುತ್ತಿದ್ದಾಗ ನನಗೊಂದು ವಿಷಯ ಚುಚ್ಚಿತು. ನಮ್ಮ ಕುರಿ ಯಾರ ಹೊಲದಲ್ಲಿ ಹಟ್ಟಿ ಹಾಕಿರಲಿ, ಅಜ್ಜ ಹತ್ತಿರ ಹೋಗುವ ಮೊದಲು ದೂರದಿಂದಲೇ, ಒಳಗೆ ಹೆಣ್ಣುಮಕ್ಕಳಿದ್ದಾರೇನು ಎಂದು ಕೂಗಿ ಕೇಳುತ್ತಿದ್ದ. ನಮ್ಮಲ್ಲಿ ಹಟ್ಟಿಯಲ್ಲಿ ಮಲಗುವವರು ಗಂಡಸರು ಮಾತ್ರ. ಹಾಗಾಗಿ ಎಲ್ಲರೂ ನಗುತ್ತಿದ್ದರು. ಮುದುಕನಿಗೆ ನಾಚಿಕೆ ಜಾಸ್ತಿ ಎನ್ನುತ್ತಿದ್ದರು. ಅಜ್ಜ ಮಾತ್ರ ಉತ್ತರ ಬರುವ ತನಕ ಹೆಜ್ಜೆ ಎತ್ತುತ್ತಿರಲಿಲ್ಲ.

ಮರುದಿನ ಊಟಕ್ಕೆ ಬಡಿಸುವಾಗ ಮೆಲ್ಲಗೆ ಕೇಳಿದೆ. "ಅಜ್ಜಾ, ಆ ಹಟ್ಟಿಯಾಗ ಹೆಣಮಕ್ಕಳಿದ್ರೇನು?"

ಅಜ್ಜ ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದು ಹೋದ.

ಬದುಕಿರುವವನ ಮೇಲೆ ಪದ ಕಟ್ಟಿದರೆ ನಮ್ಮ ಮೇಳದಲ್ಲೊಂದು ಕಟ್ಟಳೆಯಿದೆ. ಅದನ್ನು ಮೊದಲು ಬೀರಪ್ಪನ ಗುಡಿಯಲ್ಲಿ ಹಾಡಬೇಕು. ಆ ಮನುಷ್ಯ ಅಂಗೈಯಲ್ಲಿ ದೇವರ ಭಂಡಾರ ಹಿಡಿದು ಪೂರ್ತಿ ಕೇಳಿ, ಕೊನೆಗೆ ಹೌದು ಅನ್ನಬೇಕು. ಹೌದು ಅನ್ನದ ಪದ ಊರ ಗಡಿ ದಾಟುವಂತಿಲ್ಲ. ಆ ಅರಿಶಿಣ ಕೈಯಲ್ಲಿರುವಾಗ ಯಾರೂ ಸುಳ್ಳು ಹೇಳುವುದಿಲ್ಲ.

ಸೋಮವಾರ ಗುಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಕಾಕಾ ಹಾಡಿದ, ಡೊಳ್ಳು ಗುಡುಗಿದವು, ಗಂಡಸರು ತಲೆಯ ಪಟಕಾ ಬಿಚ್ಚಿ ಮೇಲೆ ತೂರಿದರು. ಪದ ಮುಗಿಯಿತು. ಅಜ್ಜ ಭಂಡಾರ ಹಿಡಿದು ಕುಳಿತಿದ್ದ. ಕೈ ಬೆವರಿ ಅರಿಶಿಣ ಕೆಸರಾಗಿತ್ತು.

"ಇದಕ್ಕ ಹೌದು ಅನ್ನಾಕ ಬರೂದಿಲ್ಲ" ಎಂದ. "ಹಟ್ಟಿಯಾಗ ವೈರಿ ಇರಲಿಲ್ಲ. ಕುರಿ ಕಾಯಾವರಿದ್ರು, ಹೆಂಡ್ರು ಮಕ್ಕಳು ಕಟಗೊಂಡು. ಆ ದೇಶದಾಗ ಹೆಣಮಕ್ಕಳೂ ಹಟ್ಟಿಯಾಗ ಮಲಗ್ತಾರ. ನಾ ನಮ್ಮೂರ ರೀತಿ ಹಿಡದು, ಒಳಗಿರಾವರು ಬರೇ ಗಂಡಸರು, ಹೊಡೀರಿ ಅಂದೆ."

ಕಾಕಾನ ಮುಖ ಇಳಿಯಿತು. "ತಿಳೀಲಾರದ ಆದದ್ದು ಮಲಕಾರಿ ಅಣ್ಣಾ. ಲಡಾಯಿ ಅದು. ಮ್ಯಾಲಿನವರ ಹುಕುಂ ಇತ್ತು."

"ಮೊದಲನೇ ಗುಂಡು ತಿಳೀಲಾರದ ಹೊಡದದ್ದು. ಕೂಡ್ಲೆ ಒಬ್ಬಾಕಿ ಚೀರಿದ್ಲು. ಬಾಜೂ ಇದ್ದಾವ ನನ್ನ ಮಾರಿ ನೋಡಿದ. ನನ್ನ ಮಾತು ಸುಳ್ಳಾತಲ್ಲ ಅಂತ ಸಿಟ್ಟು ಬಂತು, ಚೀರಿದಾಕಿ ಮ್ಯಾಲ. ಎರಡನೇದ್ದು ತಿಳದ ಹೊಡದೆ. ಆಮ್ಯಾಲಿನ್ವು ಎಲ್ಲಾ ತಿಳದ ಹೊಡದೆ."

ಹಿಂದಿನಿಂದ ಒಬ್ಬರು ಸಮಾಧಾನ ಹೇಳಿದರು: ನಲವತ್ತು ವರ್ಷ ಒಳಗೊಳಗೇ ಅತ್ತಿದ್ದೀ, ಪಾಪ ಅದರಲ್ಲೇ ಹರಿದಿರುತ್ತದೆ.

"ಅತ್ತಿಲ್ಲ" ಎಂದ ಅಜ್ಜ. "ನಿಮ್ಮ ಮುಂದ ಮೀಸಿ ತಿರುವಿನಿ. ನೀವು ಶಾಬ್ಬಾಸ್ ಅಂದಾಗ ಹಿಗ್ಗಿನಿ. ಅಳು ಬಂದಿದ್ರ ಎಂದೋ ಹೇಳತಿದ್ನೋ ಏನೋ."

ಕಾಕಾ ಡೊಳ್ಳು ಕೆಳಗಿಟ್ಟು, ಪದವೇ ಬೇಡ, ಬಿಟ್ಟುಬಿಡೋಣ ಎಂದ. ಜನರೂ ಹೂಂಗುಟ್ಟಿದರು. ನಾಳೆ ಎಲ್ಲರೂ ಇದನ್ನು ಮರೆತಂತೆ ಮಾಡುತ್ತಾರೆ, ಹಳೆಯ ಕಥೆಯೇ ಉಳಿಯುತ್ತದೆ ಎಂದು ನನಗೆ ಕಂಡಿತು. ಅಜ್ಜನ ಕೈ ಇನ್ನೂ ಚಾಚಿಯೇ ಇತ್ತು. ಗುಡಿಯ ಮುಂದೆ ನಾನು ಎಂದೂ ಬಾಯಿ ತೆರೆದವಳಲ್ಲ. ಎದ್ದು ನಿಂತೆ.

"ಕಾಕಾ, ಅಜ್ಜ ಹೇಳಿದ್ಹಾಂಗ ನಾ ಬರೀತೇನಿ."

"ಬರದ್ರ ಆತೇನಬೇ? ಇಂಥಾದ್ದನ್ನ ಹಾಡಾವ ಯಾಂವ?"

"ನೀನ. ಸುಳ್ಳಿಗೆ ಅಷ್ಟ ಚಂದ ದನಿ ಕೊಟ್ಟಿ, ಖರೇದ್ದಕ್ಕ ಕೊಡಾಕ ಏನ ಧಾಡಿ?"

ಹೆಂಗಸರ ಕಡೆಯಿಂದ ನಗು ಎದ್ದಿತು. ಕಾಕಾ ನನ್ನನ್ನು ದುರುಗುಟ್ಟಿ ನೋಡಿ, ಡೊಳ್ಳನ್ನು ಮತ್ತೆ ಹೆಗಲಿಗೆ ಹಾಕಿಕೊಂಡ.

ಹೊಸ ಪದಕ್ಕೆ ಐದು ದಿನ ಹಿಡಿಯಿತು. ಕಾಕಾ ಒಂದು ನುಡಿಯಲ್ಲಿ ಅಜ್ಜನಿಂದ ಕಣ್ಣೀರು ಹಾಕಿಸಿದ. ಅಜ್ಜ ಅದನ್ನು ತೆಗೆಸಿದ. ಪದದ ಕೊನೆಗೆ ಬೀರಪ್ಪ ಬಂದು ಮಾಫಿ ಮಾಡಲಿ ಎಂದು ಕಾಕಾ ಹಟ ಹಿಡಿದ. ಮಾಫಿ ಮಾಡಬೇಕಾದವರು ಆ ಹಟ್ಟಿಯಲ್ಲೇ ಸತ್ತಿದ್ದಾರೆ, ಬೀರಪ್ಪ ಯಾರ ಪರವಾಗಿ ಮಾಡುತ್ತಾನೆ ಎಂದು ಅಜ್ಜ ಕೇಳಿದ. ಅದನ್ನೂ ಹೊಡೆದುಹಾಕಿದೆ. ಉಳಿದದ್ದು ಒಂಬತ್ತೇ ನುಡಿ. ಅದನ್ನು ಗುಡಿಯಲ್ಲಿ ಹಾಡಿದಾಗ ಅಜ್ಜ ಭಂಡಾರ ಹಣೆಗೆ ಹಚ್ಚಿಕೊಂಡು, ಹೊರಗೆ ನಿಂತವರಿಗೂ ಕೇಳುವಂತೆ ಹೌದು ಎಂದ.

ಪಂದ್ಯದ ದಿನ ಬೋರಗಾಂವದಲ್ಲಿ ಮಟಮಟ ಮಧ್ಯಾಹ್ನ, ಸಾವಿರ ಜನ. ಅಲ್ಲಿಯ ನೇಕಾರರು ಮಗ್ಗಗಳನ್ನು ನಿಲ್ಲಿಸಿ ಬಂದಿದ್ದರು. ಕಾಕಾ ಒಂಬತ್ತು ನುಡಿಯನ್ನೂ ಎಲ್ಲಿಯೂ ತಗ್ಗಿಸದೆ ಹಾಡಿದ. ಎರಡನೆಯ ಗುಂಡಿನ ನುಡಿಗೆ ಬಂದಾಗ ನಮ್ಮ ಡೊಳ್ಳುಗಳು ನಿಂತವು. ಅವನ ದನಿ ಒಂದೇ ಮೈದಾನದ ಮೇಲೆ ಹೋಯಿತು.

ಈಗ ಅವರು ಎದುರು ಪದ ಹಾಡಬೇಕು. ಅವರ ಮುಖ್ಯಸ್ಥ ಹಾಲಸಿದ್ದ ಡೊಳ್ಳಿನ ಮೇಲೆ ಕೈಯಿಟ್ಟ. ತೆಗೆದ.

"ನಮ್ಮ ವೀರರು ಯಾರೂ ಹಿಂಗ ಮಾತಾಡೂದಿಲ್ರಿ. ಇದಕ್ಕ ಎದುರು ಪದ ನಮ್ಮ ಹತ್ರ ಇಲ್ಲ. ಆ ಮನಶ್ಯಾ ಇಲ್ಲಿ ಅದಾನೇನ್ರಿ?"

ಅಜ್ಜ ಎದ್ದ. ಕೋಲನ್ನು ನನ್ನ ಕೈಗೆ ಕೊಟ್ಟು, ಬೆನ್ನು ನೆಟ್ಟಗೆ ಮಾಡಿ ನಿಂತ.

"ಇಲ್ಲೇ ಅದೀನ್ರಿ. ನಾನ ಆಂವ."

ಯಾರೂ ಶಾಬ್ಬಾಸ್ ಅನ್ನಲಿಲ್ಲ. ಅಜ್ಜ ಯಾರ ಕಣ್ಣನ್ನೂ ತಪ್ಪಿಸಲಿಲ್ಲ. ಆಗ ಬೋರಗಾಂವದವರೇ ಮೊದಲು ಡೊಳ್ಳು ಬಡಿದರು, ಆಮೇಲೆ ನಮ್ಮವರು, ಎರಡೂ ಮೇಳ ಕೂಡಿ.